ಪರೀಕ್ಷೆಗೆ ಒಡ್ಡದ ಬದುಕು

ಪ್ರಶ್ನೆ: ‘ಪರೀಕ್ಷೆಗೆ ಒಳಪಡದ ಬದುಕು ಮನುಷ್ಯನಿಗೆ ಬಾಳಲು ತಕ್ಕುದಲ್ಲ’ ಎಂಬ ಸಾಕ್ರಟೀಸನ ಮಾತನ್ನು ತರಗತಿಯಲ್ಲಿ ಓದಿದೆವು. ರಾತ್ರಿ ಮಲಗುವ ಮುನ್ನ ನಮ್ಮ ತಪ್ಪುಒಪ್ಪುಗಳನ್ನು ನೆನೆದುಕೊಳ್ಳುವುದೇ ಅವನು ಹೇಳಿದ ಆತ್ಮಪರೀಕ್ಷೆಯೇ? ದುಡಿಮೆಯಲ್ಲೇ ದಿನ ಕಳೆಯುವವರಿಗೆ ಇದಕ್ಕೆಲ್ಲ ಬಿಡುವೆಲ್ಲಿ?
— ಪದವಿ ವಿದ್ಯಾರ್ಥಿನಿ, ಧಾರವಾಡ

ಉತ್ತರ: ಈ ಮಾತು ಯಾವ ಹೊತ್ತಿನಲ್ಲಿ ಬಂದಿತೆಂಬುದನ್ನು ಮೊದಲು ನೋಡೋಣ. ಕ್ರಿ.ಪೂ. 399ರಲ್ಲಿ, 70 ವರ್ಷದ ಸಾಕ್ರಟೀಸ್ ಅಥೆನ್ಸಿನ ನ್ಯಾಯಸಭೆಯ ಮುಂದೆ ನಿಂತಿದ್ದ. ನಗರದ ದೇವತೆಗಳನ್ನು ಮನ್ನಿಸುವುದಿಲ್ಲ, ಯುವಕರನ್ನು ಕೆಡಿಸುತ್ತಾನೆ ಎಂಬ ಆರೋಪದಲ್ಲಿ ಅವನು ತಪ್ಪಿತಸ್ಥನೆಂದು ತೀರ್ಮಾನವಾಗಿತ್ತು. ಶಿಕ್ಷೆ ಏನೆಂಬುದಷ್ಟೇ ಉಳಿದಿತ್ತು. ಬೇರೆ ಊರಿಗೆ ಹೋಗಿ ಸುಮ್ಮನೆ ಬದುಕಬಾರದೇ ಎಂದು ಯಾರಾದರೂ ಕೇಳಬಹುದೆಂದು ಊಹಿಸಿ, ಅದಕ್ಕೆ ಉತ್ತರವಾಗಿ ಅವನು ಈ ಮಾತನ್ನು ಆಡಿದನೆಂದು ಅವನ ಶಿಷ್ಯ ಪ್ಲೇಟೋ, ಆ ವಿಚಾರಣೆಯ ಮಾತುಗಳನ್ನು ಚಿತ್ರಿಸುವ ‘ಅಪಾಲಜಿ’ ಕೃತಿಯಲ್ಲಿ ಬರೆದಿದ್ದಾನೆ. ಅದಕ್ಕೆ ತುಸು ಮುಂಚೆ ಬರುವ ಮಾತನ್ನು ಹೆಚ್ಚಿನವರು ಗಮನಿಸುವುದಿಲ್ಲ: ಪ್ರತಿದಿನವೂ ಸದ್ಗುಣದ ಬಗ್ಗೆ ಮಾತನಾಡುತ್ತ, ತನ್ನನ್ನೂ ಇತರರನ್ನೂ ಪರೀಕ್ಷಿಸುವುದೇ ಮನುಷ್ಯನಿಗೆ ಅತ್ಯಂತ ದೊಡ್ಡ ಒಳಿತು ಎಂದು ಅವನು ಹೇಳುತ್ತಾನೆ. ಅಂದರೆ ಅವನ ಆತ್ಮಪರೀಕ್ಷೆ ಒಬ್ಬಂಟಿಯಾಗಿ ಕೂತು ಮಾಡುವಂಥದ್ದಲ್ಲ. ಅದಕ್ಕೆ ಎದುರಿಗೊಬ್ಬರು ಬೇಕು.

ನೀವು ಹೇಳುವ ರಾತ್ರಿಯ ನೆನಹೂ ಗ್ರೀಕರಲ್ಲಿತ್ತು. ಎಲ್ಲಿ ತಪ್ಪಿದೆ, ಏನು ಮಾಡಿದೆ, ಮಾಡಬೇಕಾದ ಯಾವುದನ್ನು ಬಿಟ್ಟೆ ಎಂದು ದಿನದ ಕೆಲಸಗಳನ್ನು ಮೂರು ಬಾರಿ ಪರಿಶೀಲಿಸುವವರೆಗೆ ಕಣ್ಣಿಗೆ ನಿದ್ದೆ ಬರಗೊಡಬೇಡವೆಂದು ಪೈಥಾಗರಸನ ಹೆಸರಿನಲ್ಲಿ ಉಳಿದುಬಂದಿರುವ ‘ಸುವರ್ಣ ಪದ್ಯಗಳು’ ಹೇಳುತ್ತವೆ. ಅದು ಒಳ್ಳೆಯ ಅಭ್ಯಾಸವೇ. ಆದರೆ ಅಲ್ಲಿ ಸರಿತಪ್ಪುಗಳ ಅಳತೆಗೋಲು ನಮ್ಮ ಕೈಯಲ್ಲಿ ಮೊದಲೇ ಇದೆ ಎಂದಿಟ್ಟುಕೊಂಡಿರುತ್ತೇವೆ. ಸಾಕ್ರಟೀಸ್ ಪರೀಕ್ಷಿಸುತ್ತಿದ್ದುದು ಆ ಅಳತೆಗೋಲನ್ನೇ.

ಬಿಡುವಿನ ಪ್ರಶ್ನೆ ನ್ಯಾಯವಾದದ್ದು. ಅವನು ಮಾತಿಗೆ ಕೂರುತ್ತಿದ್ದುದು ಸಂತೆಯ ಚೌಕದಲ್ಲಿ, ಹಣ ವಿನಿಮಯ ಮಾಡುವವರ ಮೇಜುಗಳ ಬಳಿ. ರಾಜಕಾರಣಿಗಳನ್ನೂ ಕವಿಗಳನ್ನೂ ವಿಚಾರಿಸಿದ ಬಳಿಕ ಕುಶಲಕರ್ಮಿಗಳ ಹತ್ತಿರ ಹೋದಾಗ, ತನಗೆ ತಿಳಿಯದ ಎಷ್ಟೋ ಸಂಗತಿಗಳು ಅವರಿಗೆ ನಿಜವಾಗಿಯೂ ತಿಳಿದಿವೆಯೆಂದು ಅವನು ಒಪ್ಪಿಕೊಂಡ. ಅವನು ಕಂಡ ದೋಷ ಒಂದೇ: ತಮ್ಮ ಕಸುಬು ಬಲ್ಲೆವೆಂಬ ಕಾರಣಕ್ಕೆ ಬದುಕಿನ ಅತಿ ದೊಡ್ಡ ವಿಷಯಗಳನ್ನೂ ಬಲ್ಲೆವೆಂದು ಅವರು ನಂಬಿದ್ದರು. ಆ ನಂಬಿಕೆ ಬಿಡುವುಳ್ಳವರಲ್ಲೂ ಕಡಿಮೆಯಿರಲಿಲ್ಲ.

ಸಾಕ್ರಟೀಸನ ಈ ಪರೀಕ್ಷೆ ಹೇಗೆ ನಡೆಯುತ್ತಿತ್ತೆಂಬುದನ್ನು ತಿಳಿಯಲು ಪ್ಲೇಟೋನ ‘ಲ್ಯಾಕೀಸ್’ ಸಂವಾದವನ್ನು ಓದಿ. ನನ್ನ ಮಟ್ಟಿಗೆ ಹೊಸ ಓದುಗರಿಗೆ ಇದಕ್ಕಿಂತ ಒಳ್ಳೆಯ ಬಾಗಿಲಿಲ್ಲ. ಕವಚ ತೊಟ್ಟು ಕಾದುವ ವಿದ್ಯೆಯನ್ನು ಮಕ್ಕಳಿಗೆ ಕಲಿಸಬೇಕೇ ಎಂದು ಇಬ್ಬರು ತಂದೆಯರು ಲ್ಯಾಕೀಸ್ ಮತ್ತು ನಿಕಿಯಸ್ ಎಂಬ ಸೇನಾಪತಿಗಳನ್ನು ಕೇಳುತ್ತಾರೆ. ಸಾಕ್ರಟೀಸನೊಡನೆ ಯಾವ ವಿಷಯವನ್ನೆತ್ತಿ ಮಾತು ತೊಡಗಿದರೂ ಕೊನೆಗೆ ತಾನು ಹೇಗೆ ಬದುಕುತ್ತಿದ್ದೇನೆಂಬುದಕ್ಕೆ ಲೆಕ್ಕ ಕೊಡಬೇಕಾಗುತ್ತದೆ ಎಂದು ನಿಕಿಯಸ್ ಮೊದಲೇ ಎಚ್ಚರಿಸುತ್ತಾನೆ. ಹಾಗೆಯೇ ಆಗುತ್ತದೆ. ಧೈರ್ಯವೆಂದರೇನು ಎಂಬ ಪ್ರಶ್ನೆಗೆ, ಸಾಲು ಬಿಟ್ಟು ಓಡದೆ ನಿಂತು ಹೋರಾಡುವುದು ಎನ್ನುತ್ತಾನೆ ಲ್ಯಾಕೀಸ್. ಹಿಮ್ಮೆಟ್ಟುತ್ತಲೇ ಹೋರಾಡುವ ಸಿಥಿಯನ್ ಎಂಬ ಅಲೆಮಾರಿ ಜನಾಂಗದ ಕುದುರೆ ಸವಾರರು ಧೈರ್ಯವಂತರಲ್ಲವೇ ಎಂದು ಸಾಕ್ರಟೀಸ್ ಕೇಳುತ್ತಾನೆ. ರಣರಂಗದಲ್ಲಿ ಧೈರ್ಯ ತೋರಿದ್ದವನಿಗೂ ಅದು ಏನೆಂದು ಹೇಳಲಾಗುವುದಿಲ್ಲ. ಮನಸ್ಸಿಗೆ ಹೊಳೆಯುತ್ತಿದೆ, ಮಾತಿಗೆ ಸಿಗುತ್ತಿಲ್ಲವೆಂದು ಅವನು ತನ್ನ ಮೇಲೇ ಸಿಟ್ಟಾಗುತ್ತಾನೆ. ಉತ್ತರ ಸಿಗದೆ ಸಂವಾದ ಮುಗಿಯುತ್ತದೆ. ಮಕ್ಕಳಿಗಿಂತ ಮುಂಚೆ ನಮಗೇ ಗುರು ಬೇಕು ಎನ್ನುತ್ತಾನೆ ಸಾಕ್ರಟೀಸ್. ತಂದೆಯರಲ್ಲಿ ಒಬ್ಬನಾದ ವೃದ್ಧ ಲೈಸಿಮಾಕಸ್ ಅದನ್ನು ಒಪ್ಪಿ, ನಾಳೆ ಬೆಳಗಾಗುತ್ತಲೇ ತನ್ನ ಮನೆಗೆ ಬರಬೇಕೆಂದು ಅವನನ್ನು ಕರೆಯುತ್ತಾನೆ.