ರ್ಯಾಮ್‌ನ ಒಂದು ಮೂಲೆ ಕೆಟ್ಟರೆ ಲ್ಯಾಪ್‌ಟಾಪನ್ನೇ ಎಸೆಯಬೇಕೇ?

ಪ್ರಶ್ನೆ: ಸಾಗರದ ನಮ್ಮ ಅಡಿಕೆ ಮಂಡಿಯ ಲ್ಯಾಪ್‌ಟಾಪ್‌ನಲ್ಲಿ ರ್ಯಾಮ್, ಅಂದರೆ ಮೆಮೊರಿ, ಬೋರ್ಡಿಗೇ ಬೆಸುಗೆಯಾಗಿದೆ; ಬಿಚ್ಚಿ ಬದಲಿಸುವಂತಿಲ್ಲ. ಪರೀಕ್ಷೆಯಲ್ಲಿ ಪ್ರತಿಸಲವೂ ಒಂದೇ ಜಾಗದಲ್ಲಿ ದೋಷ ಕಾಣುತ್ತದೆ. ಏನು ಮಾಡಲಿ?

ಉತ್ತರ: ಎಸೆಯಬೇಕಿಲ್ಲ. ಆ ಜಾಗವನ್ನು ಮುಟ್ಟಬೇಡ ಎಂದು ಆಪರೇಟಿಂಗ್ ಸಿಸ್ಟಮ್‌ಗೆ ಹೇಳಬಹುದು.

ಅದು ಮೆಮೊರಿಯನ್ನು ಸಾಮಾನ್ಯವಾಗಿ 4 ಕೆಬಿಯ ತುಂಡುಗಳಾಗಿ, ಅಂದರೆ ‘ಪೇಜ್’ಗಳಾಗಿ ಹಂಚುತ್ತದೆ. 8 ಜಿಬಿಯಲ್ಲಿ ಇಂಥವು ಸುಮಾರು 21 ಲಕ್ಷ. ಕೆಟ್ಟ ಪೇಜನ್ನು ಮೊದಲೇ ‘ಭರ್ತಿಯಾಗಿದೆ’ ಎಂದು ಗುರುತಿಸಿಟ್ಟರೆ ಯಾವ ಪ್ರೋಗ್ರಾಮಿಗೂ ಅದು ಸಿಗುವುದಿಲ್ಲ. ಹೆಂಚು ಒಡೆದು ಸೋರುವ ಕಡೆ ಹಾಸಿಗೆ ಹಾಸದಿರುವುದು ಮಲೆನಾಡಿನವರಿಗೆ ಹೇಳಿಕೊಡಬೇಕೇ?

ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86+ ಪ್ರೋಗ್ರಾಮನ್ನು ರಾತ್ರಿಯಿಡೀ ಓಡಿಸಿ, ದೋಷದ ವಿಳಾಸಗಳನ್ನು ಬರೆದುಕೊಳ್ಳಿ. ಲಿನಕ್ಸ್‌ನಲ್ಲಿ ಅವನ್ನು ಗ್ರಬ್‌ನ, ಅಂದರೆ ಸಿಸ್ಟಮನ್ನು ಶುರುಮಾಡಿಸುವ ಪ್ರೋಗ್ರಾಮಿನ, ‘ಬ್ಯಾಡ್‌ರ್ಯಾಮ್’ ಸಾಲಿನಲ್ಲಿ ಕೊಡಬಹುದು. ವಿಂಡೋಸ್‌ನಲ್ಲಿ ಇದಕ್ಕೆ ಬಿಸಿಡಿಎಡಿಟ್ (bcdedit) ಎಂಬ ಆದೇಶವಿದೆ. ಆದರೆ ಅದು ಕೇಳುವುದು ವಿಳಾಸವನ್ನಲ್ಲ, ಪೇಜ್ ಸಂಖ್ಯೆಯನ್ನು: ಹೆಕ್ಸ್ ವಿಳಾಸದ, ಅಂದರೆ 16ರ ಎಣಿಕೆಯಲ್ಲಿರುವ ವಿಳಾಸದ, ಕೊನೆಯ ಮೂರು ಅಂಕಿಗಳನ್ನು ಬಿಟ್ಟರೆ ಅದು ಸಿಗುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ. ಸುರಕ್ಷತೆಗೆ ಅಕ್ಕಪಕ್ಕದ ಕೆಲವು ಪೇಜ್‌ಗಳನ್ನೂ ಸೇರಿಸಿ. ಹೋಗುವುದು ಕೆಲವೇ ಕೆಬಿ.

ದೋಷ ಜಾಗ ಬದಲಿಸುತ್ತಿದ್ದರೆ ಈ ಉಪಾಯ ನಡೆಯದು. ಆಗ ಬಿಸಿ, ವಿದ್ಯುತ್ ಪೂರೈಕೆ ಅಥವಾ ಬೋರ್ಡನ್ನು ಶಂಕಿಸಬೇಕು. ಇನ್ನು, ಇಷ್ಟು ದಿನ ಆ ಯಂತ್ರದಲ್ಲೇ ಉಳಿಸಿದ ಲೆಕ್ಕದ ಕಡತಗಳನ್ನು ಕಾಗದದ ಪುಸ್ತಕದೊಂದಿಗೆ ಒಮ್ಮೆ ತಾಳೆ ನೋಡಿ. ಕೆಟ್ಟ ಮೆಮೊರಿ ಸದ್ದಿಲ್ಲದೆ ಅಂಕಿಗಳನ್ನು ತಿದ್ದಿರಬಹುದು.