ಮರುಜೋಡಿಸಿದ ರೋಟರಿ ಎಂಜಿನ್‌ನ ಟೈಮಿಂಗ್: ಇಸಿಯು ಹೇಳುವ ಅಂಕೆಯೂ ಪುಲ್ಲಿ ತೋರುವ ಗುರುತೂ

ಪ್ರಶ್ನೆ: ನಾನು ಮೆಲ್ಬರ್ನ್‌ನಲ್ಲಿ ನೆಲೆಸಿರುವ ಕನ್ನಡಿಗ. 1989ರ ಮಜ್ದಾ ಆರ್‌ಎಕ್ಸ್-7 ಟರ್ಬೊ ಕಾರಿನ 13ಬಿ ಎಂಜಿನ್‌ಗೆ (ಪಿಸ್ಟನ್ ಬದಲು ತ್ರಿಕೋನಾಕಾರದ ರೋಟರ್‌ಗಳು ತಿರುಗುವ ರೋಟರಿ ಎಂಜಿನ್) ಹೊಸ ಸೀಲುಗಳನ್ನು ಹಾಕಿಸಿ ಮರುಜೋಡಿಸಿದ್ದೇನೆ. ಕಂಪನಿಯ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ತೆಗೆದು, ಬೇರೆ ತಯಾರಕರ ಪ್ರೋಗ್ರಾಮ್ ಮಾಡಬಹುದಾದ ಇಸಿಯು ಅಳವಡಿಸಿದ್ದೇನೆ. ಶಾಫ್ಟ್‌ನ ಕೋನ ಅಳೆಯುವ ಕ್ರ್ಯಾಂಕ್ ಆ್ಯಂಗಲ್ ಸೆನ್ಸರ್ ಮತ್ತು ಕಿಡಿ ಹುಟ್ಟಿಸುವ ಕಾಯಿಲ್‌ಗಳು ಹಳೆಯವೇ. ಟೈಮಿಂಗ್ ಅನ್ನು (ಕಿಡಿ ಹಾರುವ ಕ್ಷಣವನ್ನು) ಟಿಡಿಸಿ (ಕೋಣೆಯ ಮಿಶ್ರಣ ಅತಿ ಹೆಚ್ಚು ಒತ್ತಲ್ಪಡುವ ಸ್ಥಾನ) ನಂತರದ 5 ಡಿಗ್ರಿಗೆ ಲಾಕ್ ಮಾಡಿದಾಗ ಐಡಲ್‌ನಲ್ಲಿ ಪುಲ್ಲಿಯ ಹಳದಿ ಗುರುತು ಎಂಜಿನ್ನಿನ ಮೇಲಿನ ಪಿನ್ನಿಗೆ ಸರಿಯಾಗಿ ನಿಲ್ಲುತ್ತದೆ. ಆದರೆ 4000 ಆರ್‌ಪಿಎಂನಲ್ಲಿ ಸುಮಾರು 6 ಡಿಗ್ರಿ ತಡವಾಗುತ್ತದೆ. ಪಿನ್ನಿನ ಎದುರು ಬದಿಯಲ್ಲೂ ಅದೇ ಗುರುತು ಕಾಣುತ್ತದೆ. ಸ್ನೇಹಿತರೊಬ್ಬರು ಕೊಟ್ಟ ಮ್ಯಾಪ್ (ಇಸಿಯು ಬಳಸುವ ಇಂಧನ ಮತ್ತು ಕಿಡಿಯ ಅಂಕೆಗಳ ಪಟ್ಟಿ) ಹಾಕಿ ಕಾರನ್ನು ಓಡಿಸಬಹುದೇ?

ಉತ್ತರ: ದಯವಿಟ್ಟು ಈಗಲೇ ಓಡಿಸಬೇಡಿ. ಮ್ಯಾಪ್‌ನಲ್ಲಿ ಬರೆದಿರುವ ಪ್ರತಿಯೊಂದು ಅಂಕೆಯೂ, ಶಾಫ್ಟ್ ಯಾವ ಕೋನದಲ್ಲಿದೆ ಎಂಬುದು ಇಸಿಯುಗೆ ನಿಖರವಾಗಿ ತಿಳಿದಿದೆ ಎಂಬ ನಂಬಿಕೆಯ ಮೇಲೆ ನಿಂತಿರುತ್ತದೆ. ನಿಮ್ಮ ಎಂಜಿನ್‌ನಲ್ಲಿ ಆ ನಂಬಿಕೆ ಐಡಲ್‌ನಲ್ಲಿ ಮಾತ್ರ ನಿಜವಾಗಿದೆ. ಪಿಸ್ಟನ್ ಎಂಜಿನ್ ಸಣ್ಣಪುಟ್ಟ ನಾಕಿಂಗ್ (ಮಿಶ್ರಣ ಹತೋಟಿ ಮೀರಿ ಸ್ಫೋಟಿಸುವುದು) ಅನ್ನು ಸ್ವಲ್ಪ ಹೊತ್ತು ತಾಳಿಕೊಳ್ಳಬಹುದು. ಟರ್ಬೊ ರೋಟರಿಯಲ್ಲಿ ಕೆಲವೇ ಸುತ್ತುಗಳ ಜೋರಾದ ನಾಕಿಂಗ್ ಸಾಕು, ರೋಟರಿನ ತುದಿಯಲ್ಲಿರುವ ಎಪೆಕ್ಸ್ ಸೀಲ್ ಮುರಿದು ನೀವು ಮಾಡಿಸಿದ ಅಷ್ಟೂ ಕೆಲಸ ವ್ಯರ್ಥವಾಗುತ್ತದೆ.

ಮೊದಲು ಎದುರು ಬದಿಯ ಗುರುತಿನ ವಿಷಯ. ಅದು ದೋಷವಲ್ಲ. ಈ ಎಂಜಿನ್‌ನ ಪ್ರತಿ ರೋಟರ್‌ಗೆ ಲೀಡಿಂಗ್ ಮತ್ತು ಟ್ರೇಲಿಂಗ್ ಎಂದು ಎರಡು ಪ್ಲಗ್‌ಗಳಿದ್ದು, ಕೆಳಗಿನದು ಲೀಡಿಂಗ್, ಮೇಲಿನದು ಟ್ರೇಲಿಂಗ್. ಎರಡೂ ರೋಟರ್‌ಗಳ ಲೀಡಿಂಗ್ ಪ್ಲಗ್‌ಗಳಿಗೆ ಒಂದೇ ಕಾಯಿಲ್ ಇರುವುದರಿಂದ ಅವೆರಡೂ ಒಟ್ಟಿಗೆ, ಎಕ್ಸೆಂಟ್ರಿಕ್ ಶಾಫ್ಟ್‌ನ (ರೋಟರ್‌ಗಳು ತಿರುಗಿಸುವ ಮುಖ್ಯ ಶಾಫ್ಟ್) ಪ್ರತಿ 180 ಡಿಗ್ರಿಗೊಮ್ಮೆ ಕಿಡಿ ಕೊಡುತ್ತವೆ. ಹೀಗಾಗಿ, ಕಿಡಿಯೊಂದಿಗೆ ಬೆಳಗಿ ಗುರುತನ್ನು ತೋರಿಸುವ ಟೈಮಿಂಗ್ ಲೈಟ್ ಒಂದು ಸುತ್ತಿಗೆ ಎರಡು ಬಾರಿ ಮಿನುಗುತ್ತದೆ. ಡಯಲ್ ತಿರುಗಿಸಿ ಅಡ್ವಾನ್ಸ್ (ಕಿಡಿ ಎಷ್ಟು ಮುಂಚೆ ಬರುತ್ತದೆ ಎಂಬುದು) ಅಳೆಯುವ ಲೈಟ್‌ಗಳು ನಾಲ್ಕು ಸ್ಟ್ರೋಕ್ ಪಿಸ್ಟನ್ ಎಂಜಿನ್ನಿನ ಲೆಕ್ಕದಲ್ಲಿ ನಡೆಯುವುದರಿಂದ ಇಲ್ಲಿ ದಾರಿ ತಪ್ಪಿಸುತ್ತವೆ. ಅಂತಹ ಲೈಟ್ ನಿಮ್ಮಲ್ಲಿದ್ದರೆ ಡಯಲ್ ಅನ್ನು ಸೊನ್ನೆಯಲ್ಲೇ ಬಿಟ್ಟು, ಪುಲ್ಲಿಯ ಮೇಲಿನ ಗುರುತನ್ನಷ್ಟೇ ಓದಿ.

ಇನ್ನು 6 ಡಿಗ್ರಿಯ ಜಾರುವಿಕೆ. ಇದಕ್ಕೆ ಕಾಯಿಲ್ ಅಥವಾ ಇಗ್ನೈಟರ್‌ನ (ಕಾಯಿಲ್‌ನ ವಿದ್ಯುತ್ತನ್ನು ಹರಿಸಿ ನಿಲ್ಲಿಸುವ ಸ್ವಿಚ್) ಸಹಜ ವಿಳಂಬ ಕಾರಣವೇ ಎಂಬುದನ್ನು ಸರಳ ಲೆಕ್ಕವೊಂದು ತಿಳಿಸುತ್ತದೆ. ಶಾಫ್ಟ್ ಒಂದು ಮಿಲಿಸೆಕೆಂಡಿನಲ್ಲಿ 1000 ಆರ್‌ಪಿಎಂನಲ್ಲಿ 6 ಡಿಗ್ರಿ, 4000 ಆರ್‌ಪಿಎಂನಲ್ಲಿ 24 ಡಿಗ್ರಿ ತಿರುಗುತ್ತದೆ. ಈ ಎರಡರ ನಡುವಿನ ವ್ಯತ್ಯಾಸ 18 ಡಿಗ್ರಿ. ನಿಮ್ಮ 6 ಡಿಗ್ರಿ ಬರಬೇಕಾದರೆ ಮಿಲಿಸೆಕೆಂಡಿನ ಮೂರನೇ ಒಂದು ಭಾಗದಷ್ಟು ವಿಳಂಬ ಇರಬೇಕಾಗುತ್ತದೆ. ಆರೋಗ್ಯವಾಗಿರುವ ಇಗ್ನಿಷನ್ ವ್ಯವಸ್ಥೆಗೆ ಇದು ತೀರಾ ಹೆಚ್ಚು. ಇಸಿಯು ಕಾಯಿಲ್‌ಗೆ ಕೊಡುವ ಸಿಗ್ನಲ್ ತಲೆಕೆಳಗಾಗಿದ್ದರೆ ಕಿಡಿ ಡ್ವೆಲ್‌ನ (ಕಾಯಿಲ್ ಚಾರ್ಜ್ ಆಗುವ ಅವಧಿ) ಕೊನೆಯ ಬದಲು ಆರಂಭದಲ್ಲೇ ಹಾರಿ, ಗುರುತು ಹತ್ತಾರು ಡಿಗ್ರಿ ಮುಂಚಿತವಾಗಿ ಕಾಣುತ್ತಿತ್ತು. ನಿಮ್ಮದು ಅದೂ ಅಲ್ಲ. ಉಳಿಯುವ ಬಲವಾದ ಅನುಮಾನ ಸೆನ್ಸರ್ ತಂತಿಗಳ ಧ್ರುವತೆಯ ಮೇಲೆ.

ನಿಮ್ಮ ಕಾರಿನ ಸೆನ್ಸರ್ ಶಾಫ್ಟ್‌ನ ಅರ್ಧ ವೇಗದಲ್ಲಿ ತಿರುಗುತ್ತದೆ. ಅದರೊಳಗೆ 24 ಹಲ್ಲಿನ ಒಂದು ಚಕ್ರ, 2 ಹಲ್ಲಿನ ಇನ್ನೊಂದು ಚಕ್ರ ಇವೆ. ಹಲ್ಲು ಹಾದುಹೋಗುವಾಗ ಕಾಂತೀಯ ಪಿಕಪ್‌ನ ವೋಲ್ಟೇಜ್ ಕಡಿದಾಗಿ ಸೊನ್ನೆಯನ್ನು ದಾಟುತ್ತದೆ. ಇಸಿಯು ಗುರುತಿಸಬೇಕಾದದ್ದು ಈ ಕ್ಷಣವನ್ನೇ, ಏಕೆಂದರೆ ವೇಗ ಎಷ್ಟಿದ್ದರೂ ಇದು ಹಲ್ಲಿನ ಒಂದೇ ಜಾಗಕ್ಕೆ ಅಂಟಿಕೊಂಡಿರುತ್ತದೆ. ಎರಡು ತಂತಿಗಳು ಅದಲುಬದಲಾದರೆ ಇಸಿಯು ಹಲ್ಲುಗಳ ನಡುವಿನ ಓರೆಯಾದ, ನಿಧಾನದ ಇಳಿಜಾರನ್ನು ಹಿಡಿಯುತ್ತದೆ. ವೇಗದೊಂದಿಗೆ ಸಿಗ್ನಲ್‌ನ ಎತ್ತರ ಬದಲಾದಂತೆ ಆ ಬಿಂದುವೂ ಸರಿಯುತ್ತದೆ. ಐಡಲ್‌ನಲ್ಲಿ ಸರಿ, ವೇಗದಲ್ಲಿ ತಪ್ಪು ಎಂಬ ನಿಮ್ಮ ಲಕ್ಷಣಕ್ಕೆ ಇದು ಹೊಂದುತ್ತದೆ. ಇದಕ್ಕಿಂತ ದೊಡ್ಡ ಅಪಾಯವೂ ಇದರ ಬೆನ್ನಿಗಿದೆ: ಸರಿದ ಸಿಗ್ನಲ್‌ನಿಂದ ಹಲ್ಲಿನ ಎಣಿಕೆ ಒಂದರಷ್ಟು ತಪ್ಪಿದರೆ ಟೈಮಿಂಗ್ ಒಮ್ಮೆಲೇ 30 ಡಿಗ್ರಿ ಹಾರುತ್ತದೆ.

ಆಸಿಲೋಸ್ಕೋಪ್‌ನಲ್ಲಿ, ಅಥವಾ ನಿಮ್ಮ ಇಸಿಯುನಲ್ಲಿ ಅಂತಹ ಸೌಲಭ್ಯವಿದ್ದರೆ ಅದರಲ್ಲೇ, ಎರಡೂ ಪಿಕಪ್‌ಗಳ ಸಿಗ್ನಲ್ ನೋಡಿ. ತಪ್ಪಿರುವ ಕಡೆ ತಂತಿಗಳನ್ನು ಅದಲುಬದಲು ಮಾಡಿ, ಇಲ್ಲವೇ ಸಾಫ್ಟ್‌ವೇರ್‌ನಲ್ಲಿ ಟ್ರಿಗರ್ ಎಡ್ಜ್ (ಇಸಿಯು ಸಿಗ್ನಲ್‌ನ ಏರನ್ನು ಹಿಡಿಯಬೇಕೋ ಇಳಿಯನ್ನೋ ಎಂಬುದು) ಬದಲಿಸಿ. ಎರಡನ್ನೂ ಒಟ್ಟಿಗೆ ಮಾಡಿದರೆ ಮೊದಲಿದ್ದಲ್ಲಿಗೇ ಬರುತ್ತೀರಿ. ಇದಾದ ಮೇಲೆ ಹಳೆಯ ಟ್ರಿಗರ್ ಆಫ್‌ಸೆಟ್ (ಸೆನ್ಸರ್ ಸಿಗ್ನಲ್‌ಗೂ ಟಿಡಿಸಿಗೂ ನಡುವಿನ ಕೋನದ ಸೆಟ್ಟಿಂಗ್) ಕೆಲಸಕ್ಕೆ ಬಾರದು. ಆದ್ದರಿಂದ ಇಂಜೆಕ್ಟರ್‌ಗಳನ್ನು ನಿಷ್ಕ್ರಿಯಗೊಳಿಸಿ, ಸ್ಟಾರ್ಟರ್ ಮೋಟರಿನಿಂದ ಮಾತ್ರ ತಿರುಗಿಸುತ್ತಾ ಗುರುತು ಪಿನ್ನಿನ ಹತ್ತಿರ ಬರುವಂತೆ ಆಫ್‌ಸೆಟ್ ಹೊಂದಿಸಿ. ಹೊಸ ಸೀಲುಗಳಿರುವ ರೋಟರಿಯನ್ನು ತಪ್ಪು ಟೈಮಿಂಗ್‌ನಲ್ಲಿ ಮತ್ತೆ ಮತ್ತೆ ಸ್ಟಾರ್ಟ್ ಮಾಡಲು ಯತ್ನಿಸಿದರೆ ಪೆಟ್ರೋಲ್ ತುಂಬಿಕೊಂಡು ಕಂಪ್ರೆಷನ್ ಬಿದ್ದುಹೋಗುತ್ತದೆ; ಈ ಒಂದು ಹೆಜ್ಜೆ ಆ ತೊಂದರೆಯನ್ನು ತಪ್ಪಿಸುತ್ತದೆ. ಅನಂತರ ಎಂಜಿನ್ ಬಿಸಿಯಾದ ಮೇಲೆ ಐಡಲ್‌ನಲ್ಲಿ ಸೂಕ್ಷ್ಮವಾಗಿ ಸರಿಪಡಿಸಿ, 2000, 3000, 4000 ಆರ್‌ಪಿಎಂಗಳಲ್ಲಿ ಲೋಡ್ ಇಲ್ಲದೆ ಪರೀಕ್ಷಿಸಿ. ಸೆನ್ಸರ್‌ನ ಗೇರಿನ ಸಡಿಲದಿಂದ ಗುರುತು ಒಂದು ಡಿಗ್ರಿಯಷ್ಟು ನಡುಗಿದರೆ ಚಿಂತೆಯಿಲ್ಲ. ಒಂದೇ ದಿಕ್ಕಿಗೆ ಸರಿಯುತ್ತಾ ಹೋಗಬಾರದು.

ಮೂಲ ಪುಲ್ಲಿಯ ಮೇಲೆ ಟಿಡಿಸಿ ಗುರುತು ಇರುವುದಿಲ್ಲ ಎಂಬುದನ್ನು ಅನೇಕರು ಗಮನಿಸುವುದಿಲ್ಲ. ಹಳದಿ ಗುರುತು ಟಿಡಿಸಿ ನಂತರದ 5 ಡಿಗ್ರಿ, ಕೆಂಪು ಗುರುತು 20 ಡಿಗ್ರಿ. ನಡುವಿನ ಅಂತರ 15. ಹಳದಿಯಿಂದ, ಕೆಂಪಿಗೆ ವಿರುದ್ಧ ದಿಕ್ಕಿನಲ್ಲಿ, ಈ ಅಂತರದ ಮೂರನೇ ಒಂದು ಭಾಗದಲ್ಲಿ ಟಿಡಿಸಿ ಇದೆ; ಪೂರ್ತಿ ಅಂತರದಷ್ಟು ಹೋದರೆ ಟಿಡಿಸಿ ಮೊದಲಿನ 10 ಡಿಗ್ರಿ. ಬಿಳಿ ಬಣ್ಣದಿಂದ ಇವೆರಡನ್ನೂ ಗುರುತಿಸಿಕೊಂಡರೆ 10 ಡಿಗ್ರಿಗೆ ಲಾಕ್ ಮಾಡಿಯೂ ಪರೀಕ್ಷಿಸಬಹುದು. ಬೇರೆ ಪುಲ್ಲಿ ಹಾಕಿದ್ದರೆ ಮೂಲ ಪುಲ್ಲಿಯನ್ನು ಒಮ್ಮೆ ಕೂರಿಸಿ ಗುರುತುಗಳನ್ನು ವರ್ಗಾಯಿಸದೆ ಮುಂದುವರಿಯಬೇಡಿ.

ಲೀಡಿಂಗ್ ಸರಿಯಾದರೆ ಅರ್ಧ ಕೆಲಸ ಮಾತ್ರ ಮುಗಿದಂತೆ. ಲೀಡಿಂಗ್ ಕಿಡಿ 180 ಡಿಗ್ರಿಗೊಮ್ಮೆ ಬರುವುದರಿಂದ, ಆಫ್‌ಸೆಟ್ ಪೂರಾ 180 ಡಿಗ್ರಿ ತಪ್ಪಿದ್ದರೂ ಆ ಪ್ಲಗ್‌ನ ಗುರುತು ಸರಿಯಾಗಿಯೇ ಕಾಣುತ್ತದೆ, ಎಂಜಿನ್ ಕೂಡ ನಡೆಯುತ್ತದೆ. ಟ್ರೇಲಿಂಗ್ ಪ್ಲಗ್‌ಗಳದು ಹಾಗಲ್ಲ. ಅವು ಒಂದೊಂದೇ, ತಮ್ಮ ತಮ್ಮ ರೋಟರಿನ ಸರದಿಯಲ್ಲಿ ಮಾತ್ರ ಕಿಡಿ ಕೊಡಬೇಕು. ಟಿಡಿಸಿಯಿಂದ 180 ಡಿಗ್ರಿ ದೂರದಲ್ಲಿ ರೋಟರಿನ ತುದಿ ಪ್ಲಗ್‌ಗಳ ನಡುವೆ ಹಾದುಹೋಗುತ್ತಿರುತ್ತದೆ: ಲೀಡಿಂಗ್ ಪ್ಲಗ್‌ನ ಮುಂದೆ ಉರಿದು ಮುಗಿದ ಅನಿಲ, ಟ್ರೇಲಿಂಗ್‌ನ ಮುಂದೆ ಆಗಷ್ಟೇ ಒತ್ತಡಕ್ಕೊಳಗಾಗುತ್ತಿರುವ ಹೊಸ ಮಿಶ್ರಣ. ಅಲ್ಲಿ ಬೀಳುವ ಕಿಡಿ ಆ ಮಿಶ್ರಣವನ್ನು ಅಕಾಲದಲ್ಲಿ ಹೊತ್ತಿಸಬಲ್ಲದು. ಆದ್ದರಿಂದ ಲೈಟ್‌ನ ಕ್ಲಾಂಪ್ ಅನ್ನು ಮುಂದಿನ ರೋಟರಿನ ಟ್ರೇಲಿಂಗ್ ತಂತಿಗೆ ಹಾಕಿ, ಸ್ಪ್ಲಿಟ್ (ಲೀಡಿಂಗ್ ಮತ್ತು ಟ್ರೇಲಿಂಗ್ ಕಿಡಿಗಳ ನಡುವಿನ ಅಂತರ) 15 ಡಿಗ್ರಿ ಇಟ್ಟು, ಕೆಂಪು ಗುರುತು ಪಿನ್ನಿಗೆ ಬರುವುದನ್ನೂ ಅದು ಸುತ್ತಿಗೆ ಒಮ್ಮೆ ಮಾತ್ರ ಕಾಣುವುದನ್ನೂ ಖಚಿತಪಡಿಸಿಕೊಳ್ಳಿ. ಎದುರು ಬದಿಯಲ್ಲಿ ಕಂಡರೆ ಟ್ರೇಲಿಂಗ್ ತಂತಿಗಳು ಅಥವಾ ಯಾವ ರೋಟರಿನ ಟ್ರೇಲಿಂಗ್ ಪ್ಲಗ್ ಎಂದು ತಿಳಿಸುವ ಆಯ್ಕೆ ಸಿಗ್ನಲ್‌ನ ಸೆಟ್ಟಿಂಗ್ ಅದಲುಬದಲಾಗಿದೆ, ಇಲ್ಲವೇ ಆಫ್‌ಸೆಟ್ ಅರ್ಧ ಸುತ್ತು ತಪ್ಪಿದೆ. ಎಲ್ಲವೂ ಹೊಂದಿದ ಮೇಲೆ ಟೈಮಿಂಗ್ ಲಾಕ್ ತೆಗೆಯಲು ಮರೆಯಬೇಡಿ; ಲಾಕ್ ಇರುವಾಗಲೇ ರಸ್ತೆಗಿಳಿದರೆ ತಡವಾದ ಕಿಡಿಯಿಂದ ಎಗ್ಸಾಸ್ಟ್ ವಿಪರೀತ ಕಾದು ಟರ್ಬೊ ಹಾಳಾಗುತ್ತದೆ.

ಸ್ನೇಹಿತರ ಮ್ಯಾಪ್ ಅನ್ನು ಆರಂಭದ ಆಧಾರವಾಗಿ ಬಳಸಬಹುದು, ಆದರೆ ಅವರ ಇಂಜೆಕ್ಟರ್, ಟರ್ಬೊ, ಪೋರ್ಟಿಂಗ್ (ಗಾಳಿ ಹಾದುಹೋಗುವ ಕಿಂಡಿಗಳ ಆಕಾರ) ನಿಮ್ಮದಕ್ಕೆ ಹೊಂದುತ್ತವೆಯೇ ಎಂದು ಕೇಳಿ ತಿಳಿದುಕೊಳ್ಳಿ. ಸೀಲುಗಳು ಕೂರುವ ತನಕ ಬೂಸ್ಟ್ (ಟರ್ಬೊ ಒತ್ತಡ) ಬೇಡ. ಮೊದಲ ಬಾರಿ ಬೂಸ್ಟ್‌ಗೆ ಹೋಗುವಾಗ ಲೀಡಿಂಗ್ ಟೈಮಿಂಗ್ ಟಿಡಿಸಿ ಮೊದಲಿನ 10ರಿಂದ 12 ಡಿಗ್ರಿಯ ಆಸುಪಾಸಿನಲ್ಲಿರಲಿ. ಮುಂದಿನದನ್ನು ಡೈನೋದಲ್ಲಿ (ಶಕ್ತಿ ಅಳೆಯುವ ಯಂತ್ರ), ನಾಕಿಂಗ್ ಮತ್ತು ಎಗ್ಸಾಸ್ಟ್ ತಾಪಮಾನ ನೋಡುತ್ತಾ, ಅನುಭವಿಗಳು ನಿರ್ಧರಿಸಲಿ.

ಪ್ರಶ್ನೆ: ಟ್ರೇಲಿಂಗ್ ಸ್ಪ್ಲಿಟ್ ಅನ್ನು ಸೊನ್ನೆ ಮಾಡಿದರೆ ಶಕ್ತಿ ಹೆಚ್ಚುತ್ತದೆ ಎನ್ನುತ್ತಾರೆ. ನಿಜವೇ?

ಉತ್ತರ: ಟರ್ಬೊ ಇಲ್ಲದ ರೇಸ್ ಎಂಜಿನ್‌ಗಳಲ್ಲಿ ಸ್ಪ್ಲಿಟ್ ಕಡಿಮೆ ಮಾಡಿ ಸ್ವಲ್ಪ ಲಾಭ ಪಡೆಯುವುದುಂಟು. ರೋಟರಿಯ ದಹನ ಕೋಣೆ ಉದ್ದವಾಗಿ, ಚಪ್ಪಟೆಯಾಗಿ ಇರುವುದರಿಂದ ಎರಡನೆಯ ಕಿಡಿ ಬೇಗ ಬಂದಷ್ಟೂ ದಹನ ಚುರುಕಾಗುತ್ತದೆ. ಬೂಸ್ಟ್ ಇರುವಾಗ ಅದೇ ಚುರುಕುತನ ಒತ್ತಡವನ್ನು ಹಠಾತ್ತನೆ ಏರಿಸಿ ನಾಕಿಂಗ್‌ಗೆ ದಾರಿ ಮಾಡಿಕೊಡುತ್ತದೆ. ನಿಮ್ಮ ಎಂಜಿನ್‌ನಲ್ಲಿ ಬೂಸ್ಟ್ ಭಾಗದ ಸ್ಪ್ಲಿಟ್ 10ರಿಂದ 15 ಡಿಗ್ರಿಯಷ್ಟೇ ಇರಲಿ, ಟ್ರೇಲಿಂಗ್ ಎಂದೂ ಲೀಡಿಂಗ್‌ಗಿಂತ ಮುಂಚೆ ಬರದಂತೆ ಇಡೀ ಟೇಬಲ್ ಅನ್ನು ಒಮ್ಮೆ ಪರಿಶೀಲಿಸಿ. ಮೂಲ ಪ್ಲಗ್‌ಗಳಲ್ಲಿ ಲೀಡಿಂಗ್‌ಗೆ 7, ಟ್ರೇಲಿಂಗ್‌ಗೆ 9ರ ಹೀಟ್ ರೇಂಜ್ (ಪ್ಲಗ್ ಶಾಖವನ್ನು ಹೊರಹಾಕುವ ಮಟ್ಟ) ಇರುತ್ತದೆ. ಬಿಚ್ಚಿ ಹಾಕುವಾಗ ಅವು ಮೇಲೆ ಕೆಳಗಾಗದಂತೆಯೂ ನೋಡಿಕೊಳ್ಳಿ.