ಕತ್ತರಿ ಹಾಕುವ ಮೊದಲು ತಟ್ಟೆ ಪೂರ್ತಿ ಕೇಳಿದಿರಾ?

ಗದಗಿನಿಂದ ಒಬ್ಬ ಯುವ ಓದುಗರು ಪತ್ರ ಬರೆದಿದ್ದಾರೆ. ಅವರಿಗೆ ಅಜ್ಜನ ಪೆಟ್ಟಿಗೆಯಲ್ಲಿ ಹಳೆಯ ಗ್ರಾಮೊಫೋನ್ ತಟ್ಟೆಗಳು ಸಿಕ್ಕಿವೆ. ಒಂದರಿಂದ ಆಲಾಪದ ತುಣುಕು, ಇನ್ನೊಂದರಿಂದ ತಬಲಾ ಪೆಟ್ಟು ತೆಗೆದು, ಲ್ಯಾಪ್‌ಟಾಪಿನಲ್ಲಿ ಜೋಡಿಸಿ ಬೀಟ್, ಅಂದರೆ ಮತ್ತೆ ಮತ್ತೆ ಬರುವ ಲಯದ ಸಂಗೀತ, ಮಾಡುತ್ತಾರೆ. ಸಂಗೀತ ಕಲಿಸುವ ಹಿರಿಯರೊಬ್ಬರ ಮನೆಗೆ ಹೋಗಿ, ತಮ್ಮ ಫೋನಿನಲ್ಲಿದ್ದ ಬೀಟ್ ಕೇಳಿಸಿದರಂತೆ. ಅವರು "ಇದು ಕಳವು. ದೊಡ್ಡವರ ಹಾಡು ಕತ್ತರಸಾಕ ಮನಸರ ಹ್ಯಾಂಗ ಬಂತು ನಿನಗ?" ಎಂದು ಎದ್ದು ಹೋದರಂತೆ. "ನಾನು ಮಾಡುತ್ತಿರುವುದು ತಪ್ಪಾ ಸರ್? ಎರಡು ತಟ್ಟೆಯ ತುಣುಕು ಸೇರಿಸಿದರೆ ಎಲ್ಲಾ ಕಲಸಿಹೋಗುತ್ತದೆ, ಅದು ಯಾಕೆ?" ಎಂದು ಕೇಳಿದ್ದಾರೆ.

ತಪ್ಪಲ್ಲ. ಆದರೆ ಆ ಹಿರಿಯರ ಸಿಟ್ಟೂ ಸುಮ್ನೆ ಬಂದದ್ದಲ್ಲ.

ನಾನು ಧಾರವಾಡದಲ್ಲಿ ಓದುತ್ತಿದ್ದಾಗ ಎರಡು ಕ್ಯಾಸೆಟ್ ಹಿಡಿಯುವ ಟೇಪ್ ರೆಕಾರ್ಡರ್ ಮನೆಗೆ ಬಂತು. ರೇಡಿಯೊದಿಂದ ತುಂಬಿಕೊಂಡ ತಬಲಾದ ನಾಲ್ಕು ಮಾತ್ರೆಯನ್ನು, ಪಾಜ್ ಗುಂಡಿ ಒತ್ತಿ ಒತ್ತಿ, ಒಂದು ಮಧ್ಯಾಹ್ನವೆಲ್ಲಾ ಕೂತು ಇನ್ನೊಂದು ಕ್ಯಾಸೆಟ್ಟಿಗೆ ಸಾಲಾಗಿ ಇಳಿಸಿದ್ದೆ. ಅದಕ್ಕೆ ಸ್ಯಾಂಪ್ಲಿಂಗ್ ಎಂಬ ಹೆಸರಿದೆ ಅಂತ ಆಗ ಗೊತ್ತಿರಲಿಲ್ಲ. ಅದೇ ನಾಲ್ಕು ಮಾತ್ರೆ ಮತ್ತೆ ಮತ್ತೆ ಬಂದಾಗ ಆದ ಖುಷಿ ಇನ್ನೂ ನೆನಪಿದೆ. ಹಾಗಾಗಿ ನಿಮ್ಮ ಖುಷಿ ನನಗೆ ಅರ್ಥವಾಗುತ್ತದೆ.

ಹಿಪ್-ಹಾಪ್ ಸಂಗೀತದಲ್ಲಿ ಈ ಕೆಲಸ ಹುಟ್ಟಿದ್ದು ಬಡವರ ಓಣಿಯಲ್ಲಿ. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ 1973ರ ಆಗಸ್ಟ್ 11ರಂದು ತಂಗಿಯ ಪಾರ್ಟಿಗೆ ತಟ್ಟೆ ಹಾಕಿದ ಹುಡುಗ ಡಿಜೆ ಕೂಲ್ ಹರ್ಕ್. ಹಾಡು ನಿಂತು ಡ್ರಮ್ ಮಾತ್ರ ನುಡಿಯುವ ಜಾಗ ಬಂದಾಗ ಜನ ಜಾಸ್ತಿ ಕುಣಿಯುತ್ತಾರೆ ಎಂಬುದನ್ನು ಅವರು ಗಮನಿಸಿದ್ದರು. ಒಂದೇ ತಟ್ಟೆಯ ಎರಡು ಪ್ರತಿ ಇಟ್ಟುಕೊಂಡು, ಒಂದು ಮುಗಿಯುವಷ್ಟರಲ್ಲಿ ಇನ್ನೊಂದನ್ನು ಹಿಂದಕ್ಕೆ ತಿರುಗಿಸಿ, ಆ ಜಾಗವನ್ನೇ ಉದ್ದ ಮಾಡಿದರು. ಯಂತ್ರ ಬಂದದ್ದು ಆಮೇಲೆ. ಸದ್ದಿನ ತುಣುಕು ತುಂಬಿಕೊಂಡು ನುಡಿಸುವ 1987ರ ಎಸ್‌ಪಿ-1200 ಯಂತ್ರದಲ್ಲಿ ಒಟ್ಟು ಹಿಡಿಯುತ್ತಿದ್ದದ್ದು ಸುಮಾರು 10 ಸೆಕೆಂಡಿನ ಸದ್ದು. ಅದಕ್ಕೇ ನಿಮಿಷಕ್ಕೆ 33 ಸುತ್ತು ತಿರುಗುವ ತಟ್ಟೆಯನ್ನು 45 ಸುತ್ತಿನ ವೇಗದಲ್ಲಿ ಓಡಿಸಿ ತುಂಬಿಕೊಂಡು, ಯಂತ್ರದೊಳಗೆ ಮತ್ತೆ ನಿಧಾನ ಮಾಡುತ್ತಿದ್ದರು. 10 ಸೆಕೆಂಡಿನ ಜಾಗದಲ್ಲಿ 13 ಸೆಕೆಂಡಿಗೂ ಜಾಸ್ತಿ ಹಿಡಿಯುತ್ತಿತ್ತು. ಅಷ್ಟು ಕಡಿಮೆ ಜಾಗ ಇದ್ದವರು ಏನು ತೆಗೆಯಬೇಕು ಅಂತ ಎಷ್ಟು ಸಲ ಕೇಳಿರಬೇಕು, ಯೋಚಿಸಿ.

ನಿಮ್ಮ ಪೆಟ್ಟಿಗೆಯಲ್ಲಿರುವ 78ರ ತಟ್ಟೆಗಳ ಕಥೆಯೂ ಇದೇ. ಒಂದು ಮಗ್ಗುಲಿಗೆ ಮೂರು ನಿಮಿಷ, ಸ್ವಲ್ಪ ಜಾಸ್ತಿ. ಮನೆಯ ಬೈಠಕ್ಕಿನಲ್ಲಿ ಗಂಟೆಗಟ್ಟಲೆ ಹಾಡುತ್ತಿದ್ದವರು ಇಡೀ ರಾಗವನ್ನು ಆ ಮೂರು ನಿಮಿಷದಲ್ಲಿ ಇಟ್ಟರು. ಅಲ್ಲಿ ಒಂದು ತಾನ್ (ಸ್ವರಗಳ ವೇಗದ ಓಟ) ಕೂಡ ಸುಮ್ನೆ ಬಂದಿಲ್ಲ. ಅವರು ಆಗಲೇ ಕತ್ತರಿಸಿ ಕೊಟ್ಟದ್ದನ್ನು ನೀವು ಮತ್ತೆ ಕತ್ತರಿಸುತ್ತಿದ್ದೀರಿ. ಆ ಹಿರಿಯರಿಗೆ ನೋವಾದದ್ದು ಇದಕ್ಕೇ ಇರಬೇಕು.

ಲೇಬಲ್ಲಿನ ಮೇಲೆ 'ಗಾಂಧಾರಿ' ಎಂದು ಇದೆಯಾ ನೋಡಿ. ಗಂಗೂಬಾಯಿ ಹಾನಗಲ್ ಅವರು 1930ರ ದಶಕದಲ್ಲಿ ಮೊದಲು ತಟ್ಟೆ ಕೊಟ್ಟದ್ದು ಆ ಹೆಸರಿನಲ್ಲಿ. ಆಗ ಅವರದು ಸಣ್ಣ, ಏರುದನಿ. ಗಂಟಲ ಚಿಕಿತ್ಸೆಯ ನಂತರ ದನಿ ಇಳಿದು, ನಾವೆಲ್ಲ ಬಲ್ಲ ಆ ಭಾರದ ದನಿಯಾಯಿತು. ಬೀಟ್ ಮಾಡುವವರಿಗೆ ದನಿ ಏರಿಸಿ ಚಿಕ್ಕ ಮಕ್ಕಳ ದನಿ ಮಾಡುವ ಚಟ ಇದೆ. ಗಂಗೂಬಾಯಿಯವರ ಮುಂದಿನ ತಟ್ಟೆಗಳಿಗೆ ಹಾಗೆ ಮಾಡಿದರೆ ಉಳಿಯುವುದಾದರೂ ಏನು? ದಯವಿಟ್ಟು ಮಾಡಬೇಡಿ.

ಇನ್ನು ಕಲಸಿಹೋಗುವ ಮಾತು. ನಮ್ಮ ಹಾಡಿನ ಹಿಂದೆ ತಂಬೂರಿ ಇರುತ್ತದೆ, ಅದು ನಿಲ್ಲುವುದೇ ಇಲ್ಲ. ನೀವು ದನಿಯನ್ನಷ್ಟೇ ತೆಗೆದೆ ಅಂದುಕೊಂಡರೂ ಅದರ ಜೊತೆ ಷಡ್ಜ, ಅಂದರೆ ಹಾಡಿಗೆ ಆಧಾರವಾದ 'ಸ', ಬಂದಿರುತ್ತದೆ. ಒಬ್ಬರ ಷಡ್ಜ ಹಾರ್ಮೋನಿಯಂನ ಎರಡನೇ ಕಪ್ಪು ಮನೆ, ಇನ್ನೊಬ್ಬರದು ಐದನೇ ಬಿಳಿ ಮನೆ. ಎರಡೂ ಕೂಡಿದರೆ ಜಗಳವೇ. ಮೊದಲು ಹಾರ್ಮೋನಿಯಂ ಇಟ್ಟುಕೊಂಡು ಪ್ರತಿ ತಟ್ಟೆಯ ಷಡ್ಜ ಹುಡುಕಿ, ಬರೆದಿಡಿ. ಹತ್ತಿರದ ಷಡ್ಜ ಇರುವವನ್ನೇ ಕೂಡಿಸಿ. ಲಯದ್ದೂ ಹಾಗೇ. ಖಯಾಲಿನ ಲಯ ನಿಧಾನವಾಗಿ ಏರುತ್ತಾ ಹೋಗುತ್ತದೆ, ಗಡಿಯಾರದ ಹಾಗೆ ನಡೆಯುವುದಿಲ್ಲ. ತಾಳದ ಇಡೀ ಆವರ್ತವನ್ನು ಎಳೆದು ಜಗ್ಗಿ ಕೂಡಿಸುವ ಬದಲು ತಬಲಾದ ಒಂದೊಂದೇ ಬೋಲ್ (ಪೆಟ್ಟು) ತೆಗೆಯಿರಿ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡಿನ ನಡುವೆ ಕತ್ತರಿ ಹಾಕಬೇಡಿ. ಹಾಡುವವರು ಎಳೆದುಕೊಂಡ ಉಸಿರೂ ತುಣುಕಿನ ಜೊತೆ ಇರಲಿ. ಪರದೆಯ ಮೇಲಿನ ಅಲೆ ನಡುಗೆರೆಯನ್ನು ದಾಟುವ ಕಡೆಯೇ ಕತ್ತರಿಸಿ, ಇಲ್ಲದಿದ್ದರೆ 'ಟಪ್' ಅನ್ನುತ್ತದೆ. ಮತ್ತೆ ಒಂದು ಮಾತು: ಹಳೆಯ ಅರಗಿನ ತಟ್ಟೆಯನ್ನು ಸ್ಪಿರಿಟ್ಟಿನಿಂದ ಒರೆಸಬೇಡಿ. ಅರಗು ಕರಗುತ್ತದೆ.

ಕಾನೂನು ಹೀಗಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಧ್ವನಿಮುದ್ರಣದ ಹಕ್ಕು ಬಿಡುಗಡೆಯಾದ ವರ್ಷ ಮುಗಿದ ಮೇಲೆ 60 ವರ್ಷ. 1960ರಲ್ಲಿ ಬಂದ ತಟ್ಟೆಯದು 2020ರ ಕೊನೆಗೆ ಮುಗಿಯಿತು. ಆದರೆ ಹಾಡು ಬರೆದವರ, ರಾಗ ಹಾಕಿದವರ ಹಕ್ಕು ಬೇರೆ. ಅದು ಅವರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಹೊಸ ತಟ್ಟೆಯಾದರೆ ಒಪ್ಪಿಗೆ ಕೇಳಲೇಬೇಕು.

ಕಾನೂನು ಬಿಟ್ಟು ಇನ್ನೊಂದಿದೆ. ಅಮೆರಿಕದ ದಿ ವಿನ್‌ಸ್ಟನ್ಸ್ ತಂಡದ 1969ರ ಒಂದು ಹಾಡಿನಲ್ಲಿ ಗ್ರೆಗರಿ ಕೋಲ್ಮನ್ ನುಡಿಸಿದ ಸುಮಾರು 7 ಸೆಕೆಂಡಿನ ಡ್ರಮ್ ಸಾವಿರಾರು ಹಾಡುಗಳಲ್ಲಿ ಬಂತು. ಕೋಲ್ಮನ್ 2006ರಲ್ಲಿ ತೀರಿಕೊಂಡರು. ಅವರ ಕೈಗೆ ಒಂದು ಪೈಸೆಯೂ ಬಂದಿರಲಿಲ್ಲ. ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ. ನಮ್ಮ ಕಡೆ ಹಳೆ ಸೀರೆಯ ತುಂಡು ಸೇರಿಸಿ ಕೌದಿ ಹೊಲಿಯುತ್ತಾರಲ್ಲ, ಆ ಅಜ್ಜಿಯರನ್ನು ಕೇಳಿ ನೋಡಿ. "ಇದು ಅವ್ವನ ಮದುವಿ ಸೀರಿ, ಇದು ನಿಮ್ಮ ಅತ್ತೀದು" ಎಂದು ಒಂದೊಂದು ತುಂಡಿನ ಮೇಲೂ ಬೆರಳಿಟ್ಟು ಹೇಳುತ್ತಾರೆ. ನಿಮ್ಮ ಬೀಟಿನ ಬಗ್ಗೆ ನೀವೂ ಹಾಗೆ ಹೇಳಬಲ್ಲಿರಾ? ಹಾಡಿದವರು, ತಬಲಾ ನುಡಿಸಿದವರು, ತಟ್ಟೆಯ ನಂಬರು, ಎಲ್ಲವನ್ನೂ ಬೀಟಿನ ಕೆಳಗೆ ಬರೆಯಿರಿ.

ತಟ್ಟೆಯೇ ಬೇಕೆಂದೂ ಇಲ್ಲ. ಹೋಳಿ ಬಂದಾಗ ಹುಬ್ಬಳ್ಳಿಯ ಹತ್ತಿರದ ಬ್ಯಾಹಟ್ಟಿಗೆ ಹೋಗಿ. ಎತ್ತಿನ ಗಾಡಿಯ ಗಾಲಿಗೆ ಎಮ್ಮೆಯ ಚರ್ಮ ಬಿಗಿದ ಜಗ್ಗಲಿಗೆಯನ್ನು ಉರುಳಿಸುತ್ತಾ ಬಾರಿಸುತ್ತಾರೆ. ಆ ಸದ್ದು ಕಿವಿಗಿಂತ ಮೊದಲು ಎದೆಗೆ ಬಡಿಯುತ್ತದೆ. ನುಡಿಸುವವರನ್ನು ಕೇಳಿ, ದುಡ್ಡು ಕೊಟ್ಟು, ಹೆಸರು ಬರೆದುಕೊಂಡು ರೆಕಾರ್ಡ್ ಮಾಡಿ.

ಅದಕ್ಕೂ ಮೊದಲು ಆ ಹಿರಿಯರ ಮನೆಗೆ ಇನ್ನೊಮ್ಮೆ ಹೋಗಿ. ಈ ಸಲ ಬೀಟ್ ಬೇಡ. ತಟ್ಟೆಯನ್ನು ಮೊದಲಿನಿಂದ ಕೊನೆಯವರೆಗೆ ಕೇಳಿಸಿ. ಅದು ಯಾವ ರಾಗ, ನೀವು ತೆಗೆದ ತುಣುಕು ಅದರಲ್ಲಿ ಎಲ್ಲಿ ಬರುತ್ತದೆ ಅಂತ ಅವರನ್ನೇ ಕೇಳಿ. ಏನಂದರು ಎಂದು ನನಗೆ ಬರೆಯಿರಿ.

— ಸಂಪಾದಕ